ಕುಡುಗೋಲಿನಂಥ ಒಂದು ಅಂಚು

ಶಹಾಪುರದ ಆ ಸ್ಕ್ಯಾನಿಂಗ್ ಸೆಂಟರಿನ ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸರಲ್ಲಿ ಬಸಿರಿಯಂತೆ ಕಂಡೂ ಬಸಿರಿಯಲ್ಲದವಳು ನಾನೊಬ್ಬಳೇ. ಅದು ನನಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ಹೊಟ್ಟೆ ಉಬ್ಬಿತ್ತು, ಕೈಯಲ್ಲಿ ನೀರಿನ ಬಾಟಲಿ ಇತ್ತು, ಗೋಡೆಯ ಮೇಲೆ ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು ತೂಗುತ್ತಿತ್ತು. ಯಾರಾದರೂ ಅದನ್ನೇ ತಿಳಿಯುತ್ತಿದ್ದರು.

"ಎಷ್ಟ್ ತಿಂಗಳವ್ವ?" ಪಕ್ಕದಲ್ಲಿ ಕೂತ ದಪ್ಪನೆಯ ಹೆಂಗಸು ಕೇಳಿದಳು. ಸೊಸೆಯನ್ನು ತೋರಿಸಲು ಬಂದಿದ್ದಳು.

"ಬಸಿರಲ್ರಿ. ಗಡ್ಡಿ ಇರಬೇಕಂತ ನೋಡಸಾಕ ಬಂದೀನಿ."

ಅವಳು ನನ್ನ ಕೊರಳು ನೋಡಿದಳು, ಆಮೇಲೆ ಕಾಲ್ಬೆರಳು ನೋಡಿದಳು. ತಾಳಿಯೂ ಇರಲಿಲ್ಲ, ಕಾಲುಂಗುರವೂ ಇರಲಿಲ್ಲ. "ಹಂಗಾದ್ರ ಗಡ್ಡಿ ಆಗಿದ್ದೇ ಚಲೋ ಆತ್ ಬಿಡು," ಅಂದಳು.

ಆ ದಿನದ ಮೊದಲ ನಗು ನನಗೆ ಬಂದದ್ದು ಆಗ. ನಕ್ಕಾಗ ಎಡಗಡೆ ಕಿಬ್ಬೊಟ್ಟೆಯಲ್ಲಿ ಯಾರೋ ಒಳಗಿನಿಂದ ಜಗ್ಗಿದಂತಾಯಿತು. ಹಾಗೆ ಜಗ್ಗುವುದು ಆಗ ಕೆಲವು ತಿಂಗಳುಗಳಿಂದ ನಡೆದಿತ್ತು. ಜಿಲ್ಲೆಯ ಪತ್ರಿಕೆಯೊಂದಕ್ಕೆ ನಾನು ವರದಿಗಾರ್ತಿ. ಬಾಡಿಗೆ ಮನೆ ಭೀಮರಾಯನಗುಡಿಯಲ್ಲಿ, ಕಚೇರಿ ಶಹಾಪುರದಲ್ಲಿ. ನಡುವಿನ ರಸ್ತೆಯಲ್ಲಿ ಸ್ಕೂಟಿ ಗುಂಡಿಗೆ ಇಳಿದಾಗಲೆಲ್ಲ ನೋವು ಬರುತ್ತಿತ್ತು. ನಾನು ಬೈದದ್ದು ಗುಂಡಿಗೆ. ರಸ್ತೆಯ ಮೇಲೆ ಒಂದು ಸುದ್ದಿಯನ್ನೂ ಮಾಡಿದೆ. ರಸ್ತೆ ರಿಪೇರಿಯಾಯಿತು. ನೋವು ಹೋಗಲಿಲ್ಲ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಅದಕ್ಕೇ ಎಲ್ಲರ ಕೈಯಲ್ಲೂ ಬಾಟಲಿ. ಕೌಂಟರಿನ ಹುಡುಗಿ ಆಗಾಗ ಬಾಗಿಲಿಗೆ ಬಂದು, "ಒತ್ತರಿಸಿ ಬಂದವ್ರು ಮುಂದ ಬರ್ರಿ," ಎಂದು ಕೂಗುತ್ತಿದ್ದಳು. ಸರದಿ ಚೀಟಿಗೆ ಅಲ್ಲಿ ಬೆಲೆ ಇರಲಿಲ್ಲ, ಮೂತ್ರದ ಒತ್ತರಕ್ಕೆ ಬೆಲೆ. ವಡಗೇರಾ ಕಡೆಯ ಒಬ್ಬ ಮುದುಕಿ ತನಗೆ ತಡೆಯಲಾಗುವುದಿಲ್ಲ ಎಂದು ಎಲ್ಲರನ್ನೂ ದಾಟಿ ಒಳಹೋದಳು, ಕ್ಷಣದಲ್ಲಿ ಹೊರಬಂದಳು.

"ಅರ್ಧಾನೂ ತುಂಬಿಲ್ಲಂತ," ಎಂದಳು ಬೇಸರದಿಂದ. "ಇವ್ರ ಮಿಷನ್ನಿಗಿ ಸುಳ್ಳ ಹೇಳಾಕ ಬರಂಗಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಒಳಗಿನಿಂದ ಡಾಕ್ಟರು, ಜರಾ ತಡೀರಿ ಎಂದರು. ಬೆಂಚಿನ ತುಂಬ ಕಾಲಿಗೆ ಕಾಲು ಬಿಗಿದು ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಯಾರೂ ನಗಸಬ್ಯಾಡ್ರವ್ವ, ನಿಮ್ಮ ಕಾಲಿಗಿ ಬೀಳ್ತೀನಿ," ಎಂದು ಮುದುಕಿ ಅಂದದ್ದೇ ತಡ, ಎಲ್ಲರೂ ನಕ್ಕರು.

ಒಳಗೆ ನನ್ನ ಸರದಿ ಬಂದಾಗ ನಗುವಿನ ಪಸೆ ಇನ್ನೂ ಇತ್ತು. ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಏನೋ ಸಾಮಾನ್ಯ ಮಾತು ಆಡುತ್ತ ನೋಡತೊಡಗಿದರು. ಎಡಗಡೆಗೆ ಬಂದಾಗ ಮಾತು ನಿಂತಿತು. ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಸಲೀಸಾಗಿ ಮಾತಾಡುತ್ತಿದ್ದ ಅಧಿಕಾರಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಸುದ್ದಿ ಅಲ್ಲೇ ಇದೆ ಎಂದು ಅರ್ಥ.

"ಬಲಗಡೆ ಅಂಡಾಶಯ ಕಾಣವಲ್ದಲ್ಲ?"

"ಅದು ತೆಗ್ದಾರ್ರಿ. ಸುರಪುರದಾಗ, ನಾ ಕಾಲೇಜಿಗಿದ್ದಾಗ."

ಕೈ ನಿಂತಿತು. "ಅಂದ್ರ ಇದೊಂದೇ ಉಳದದ್ದು?"

"ಇದೊಂದೇ ರಿ."

ಆ ಒಂದರ ಮೇಲೆ ಗಡ್ಡೆ ಬೆಳೆದಿತ್ತು. ದೊಡ್ಡ ಮೂಸಂಬಿಯಷ್ಟು. ಒಳಗೆ ನೀರಿನಂಥ ಭಾಗವೂ ಇದೆ, ಗಟ್ಟಿ ಭಾಗವೂ ಇದೆ ಎಂದು ಬರೆದುಕೊಟ್ಟರು. ಪಕ್ಕದ ಕೋಣೆಯಲ್ಲಿ ಅದನ್ನು ನೋಡಿದ ಹೆರಿಗೆ ಡಾಕ್ಟರು ಸುತ್ತುಬಳಸಲಿಲ್ಲ. ಗಟ್ಟಿ ಭಾಗ ಇದ್ದರೆ ಕ್ಯಾನ್ಸರ್ ಇರಲಿಕ್ಕಿಲ್ಲ ಎಂದು ಹೇಳಲಾಗುವುದಿಲ್ಲ, ಅಂಡಾಶಯ ಸಮೇತ ತೆಗೆಯುವುದೇ ಕ್ಷೇಮ ಎಂದರು. ತೆಗೆದರೆ ಮುಟ್ಟು ಅಲ್ಲಿಗೆ ನಿಲ್ಲುತ್ತದೆ, ನನ್ನದೇ ಮಗು ಎಂಬ ಮಾತು ಮುಗಿಯುತ್ತದೆ, ಮೂವತ್ತೊಂದಕ್ಕೆ ನನ್ನ ಮೈ ಐವತ್ತರ ಮೈಯಾಗುತ್ತದೆ. ಅವರು ತಪ್ಪು ಹೇಳಲಿಲ್ಲ. ಅವರ ಕೈಯಲ್ಲಿದ್ದದ್ದು ಅಷ್ಟೇ ಮಾಹಿತಿ.

ಹೊರಗೆ ಬಂದಾಗ ದಪ್ಪನೆಯ ಹೆಂಗಸು ಇನ್ನೂ ಅಲ್ಲೇ ಇದ್ದಳು. "ಏನಂದ್ರು?"

"ಗಡ್ಡಿ ಅದ ಅಂದ್ರು. ತೆಗೀಬೇಕಂತ."

"ತೆಗ್ಸಿಬಿಡು. ಗಡ್ಡಿ ಜೊತಿ ಗರ್ಭಚೀಲಾನೂ ತೆಗ್ಸಿಬಿಡು, ಕಿರಿಕಿರಿ ಇರಂಗಿಲ್ಲ. ನಂದೂ ತೆಗ್ದಾರ, ನನ್ನ ತಂಗೀದೂ ತೆಗ್ದಾರ. ನಮ್ಮ ಓಣ್ಯಾಗ ಚೀಲ ಇದ್ದಾಕಿ ಹುಡುಕಿದ್ರ ಸಿಗಂಗಿಲ್ಲ."

ಹಲ್ಲು ಕೀಳಿಸಿಕೊಂಡದ್ದನ್ನು ಹೇಳುವಂತೆ ಹೇಳಿದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ; ಅದೇ ನನ್ನನ್ನು ಹೆದರಿಸಿದ್ದು.

ಬಳಿಚಕ್ರದಲ್ಲಿರುವ ಅವ್ವನಿಗೆ ಫೋನು ಮಾಡಿದೆ. ಅವ್ವ ಮೊದಲು ಹೇಳಿದ ಮಾತು, "ಯಾರ ಮುಂದೂ ಅನ್ನಬ್ಯಾಡ." ಸುರಪುರದಲ್ಲಿ ನನಗೆ ಹತ್ತೊಂಬತ್ತಿದ್ದಾಗ ಬಲಗಡೆಯ ಅಂಡಾಶಯ ತಿರುಚಿಕೊಂಡು ತುರ್ತಾಗಿ ತೆಗೆಯಬೇಕಾಗಿ ಬಂದಾಗಲೂ ಅವಳು ಇದನ್ನೇ ಹೇಳಿದ್ದಳು. ಊರಿಗೆ ಅಪೆಂಡಿಕ್ಸ್ ಎಂದು ಹೇಳಿದ್ದಾಯಿತು. ಮದುವೆಯಾಗದ ಹುಡುಗಿಯ ಹೊಟ್ಟೆಯ ಸುದ್ದಿ ಊರಿಗೆ ಗೊತ್ತಾಗಬಾರದು ಎಂಬುದು ಅವಳ ಕಾನೂನು. ಮರುದಿನ ಬೆಳಗಿನ ಬಸ್ಸಿಗೆ ರೊಟ್ಟಿಯ ಗಂಟು ಹಿಡಿದು ಬಂದಳು. ಗಂಟು ಬಿಚ್ಚುವ ಮೊದಲೇ ನನ್ನ ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಬಡಿಸಿದಳು, ತಾನು ಉಣ್ಣಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ದೊಡ್ಡ ಸುದ್ದಿಯನ್ನು ಒಬ್ಬರ ಮಾತಿನ ಮೇಲೆ ಅಚ್ಚು ಹಾಕುವುದಿಲ್ಲ. ಮೊದಲು ಹೇಳಿದವರ ಮೇಲೆ ಅನುಮಾನ ಅಂತಲ್ಲ. ಇನ್ನೊಬ್ಬರು ಬೇರೆ ಜಾಗದಲ್ಲಿ ನಿಂತು ನೋಡಿರುತ್ತಾರೆ. ಕಾಲುವೆ ಒಡೆದ ಸುದ್ದಿಗೆ ಮಾಡುವುದನ್ನು ನನ್ನ ಹೊಟ್ಟೆಯ ಸುದ್ದಿಗೆ ಯಾಕೆ ಮಾಡಬಾರದು ಅನ್ನಿಸಿತು. ಹೆರಿಗೆ ಡಾಕ್ಟರನ್ನೇ ಕೇಳಿದೆ. ಅವರು ಬೇಸರಿಸಿಕೊಳ್ಳದೆ, ಯಾದಗಿರಿಯಲ್ಲಿ ಇಂಥ ಗಡ್ಡೆಗಳನ್ನು ಹೆಚ್ಚು ನೋಡಿದ ಒಬ್ಬ ಸ್ಕ್ಯಾನಿಂಗ್ ಡಾಕ್ಟರು ಇದ್ದಾರೆ, ತೋರಿಸಿ ಬನ್ನಿ ಎಂದರು.

ಯಾದಗಿರಿಯಲ್ಲಿ ಮತ್ತೆ ಬೆಂಚು, ಮತ್ತೆ ನೀರು. ಅವ್ವನೂ ನನ್ನ ಜೊತೆ ಬಾಟಲಿ ಎತ್ತಿದಳು.

"ನೀ ಯಾಕ ಕುಡೀಲಿಕತ್ತೀದಿ?"

"ನೀ ಒಬ್ಬಾಕಿನೇ ಯಾಕ ತ್ರಾಸ ಪಡಬೇಕು?"

ನನಗಿಂತ ಮೊದಲು ಅವಳಿಗೇ ತಡೆಯಲಾಗಲಿಲ್ಲ. ಅವಳು ಎದ್ದು ಹೋಗಿ ಬರುವಷ್ಟರಲ್ಲಿ ನನ್ನ ಹೆಸರು ಕೂಗಿದ್ದರು, ಓಡಿ ಬಂದು ನನ್ನ ಹಿಂದೆಯೇ ಒಳಗೆ ನುಗ್ಗಿದಳು.

ಡಾಕ್ಟರು ಮೈಸೂರು ಕಡೆಯವರು, ನನ್ನದೇ ವಯಸ್ಸಿನ ಆಸುಪಾಸು. ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನಿಮ್ಮ ಹೊಟ್ಟೆ, ನೀವೂ ನೋಡಿ," ಎಂದರು. ಯಾರೂ ನನಗೆ ಪರದೆ ತಿರುಗಿಸಿರಲಿಲ್ಲ. ಮೊದಲು ಏನೂ ತಿಳಿಯಲಿಲ್ಲ, ಬೂದುಬಣ್ಣದ ದೂಳು. ಅವರು ಬೆರಳಿಟ್ಟು ತೋರಿಸಿದ ಮೇಲೆ ದೂಳಿನೊಳಗೆ ಒಂದು ಗುಂಡನೆಯ ಗೋಡೆ ಕಂಡಿತು. ಗೋಡೆಯೊಳಗೆ ಬೆಳ್ಳಗೆ ಹೊಳೆಯುವ ಒಂದು ಮುದ್ದೆ. ಮುದ್ದೆಯ ಹಿಂದೆ ಕಪ್ಪು ನೆರಳು. ಪಕ್ಕದಲ್ಲಿ ಸಣ್ಣ ಸಣ್ಣ ಗೆರೆಗಳು, ಯಾರೋ ಪೆನ್ಸಿಲಿನಿಂದ ಗೀಚಿದಂತೆ.

"ಈ ಬಿಳಿ ಮುದ್ದೆಯನ್ನೇ ಗಟ್ಟಿ ಭಾಗ ಅಂತ ಬರೆದಿದ್ದಾರೆ. ನನಗೆ ಇದು ಕೊಬ್ಬು ಮತ್ತು ಕೂದಲು ಅನ್ನಿಸ್ತಿದೆ. ಈ ಗೆರೆಗಳು ಕೂದಲೇ."

"ಕೂದಲ?" ಅವ್ವ ನನ್ನ ತಲೆಯ ಕಡೆಯಿಂದ ಬಗ್ಗಿ ನೋಡಿದಳು. "ಹೊಟ್ಟ್ಯಾಗ?"

"ಹೌದಮ್ಮ. ಅಂಡಾಶಯದ ಒಂದು ಕಣ ದಾರಿ ತಪ್ಪಿ ಕೂದಲು, ಚರ್ಮ ಎಲ್ಲ ಬೆಳೆಸ್ಕೊಳ್ಳುತ್ತೆ. ಸಾಮಾನ್ಯವಾಗಿ ಕೆಟ್ಟ ಗಡ್ಡೆ ಅಲ್ಲ. ಇರಿ, ಇನ್ನೊಂದು ನೋಡಬೇಕು." ಒಂದು ಗುಂಡಿ ಒತ್ತಿದರು. "ಈಗ ರಕ್ತ ಓಡೋ ಜಾಗದಲ್ಲಿ ಬಣ್ಣ ಬರುತ್ತೆ. ಆ ಮುದ್ದೆಯೊಳಗೆ ಬಣ್ಣ ತುಂಬಿದರೆ ನನಗೆ ಇಷ್ಟ ಆಗೋದಿಲ್ಲ."

ನಾನು ಚುನಾವಣೆಯ ಎಣಿಕೆ ಕೇಂದ್ರಗಳಲ್ಲಿ ನಿಂತು ಕಾದಿದ್ದೇನೆ. ಆ ಪರದೆಯ ಮುಂದೆ ಮಲಗಿ ಕಾದದ್ದರ ಮುಂದೆ ಅದೆಲ್ಲ ಏನೂ ಅಲ್ಲ. ಡಾಕ್ಟರ ಕೈ ನಿಧಾನಕ್ಕೆ ಮುದ್ದೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಬೂದುಬಣ್ಣ ಹಾಗೇ ಉಳಿಯಿತು. ತಿರುಗಿ ಬಂದಿತು. ಬಣ್ಣವಿಲ್ಲ. ಕೈ ಗಡ್ಡೆಯ ಅಂಚಿಗೆ ಜಾರಿದಾಗ ಮಾತ್ರ ಕೆಂಪು, ನೀಲಿ ಮಿಣುಕಿತು. ನಾನು ಮಂಚದ ಅಂಚು ಹಿಡಿದೆ. ಡಾಕ್ಟರು ಮಾತ್ರ ಮುಗುಳ್ನಕ್ಕರು.

"ಇದನ್ನೇ ಹುಡುಕ್ತಿದ್ದೆ. ನೋಡಿ, ಗಡ್ಡೆಯ ಮಗ್ಗುಲಲ್ಲಿ ಅರ್ಧಚಂದ್ರದ ಹಾಗೆ ಒಂದು ಅಂಚು. ಅದರೊಳಗೆ ಸಣ್ಣ ಕಪ್ಪು ಚುಕ್ಕೆಗಳು. ಇದು ಗಡ್ಡೆ ಅಲ್ಲ, ನಿಮ್ಮ ಅಂಡಾಶಯ. ಒತ್ತಿಸಿಕೊಂಡು ತೆಳ್ಳಗಾಗಿದೆ, ಆದರೆ ಬದುಕಿದೆ."

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಚಂದ್ರ ಅಲ್ರಿ, ಕುಡುಗೋಲು ಇದ್ದಂಗ ಅದ."

"ಸರಿ, ಕುಡುಗೋಲೇ ಅನ್ನಿ."

"ಕ್ಯಾನ್ಸರ್ ಅಲ್ಲ ಅಂತ ಬರದು ಕೊಡ್ತೀರೇನ್ರಿ ಮೇಡಂ?" ಎಂದು ನಾನು ಕೇಳಿದೆ.

"ಬರೆಯೋದಿಲ್ಲ. ತೆಗೆದ ಮೇಲೆ ಲ್ಯಾಬಿನವರು ಹೇಳಬೇಕಾದ ಮಾತು ಅದು. ಕೆಟ್ಟದ್ದರ ಗುರುತು ಏನೂ ಕಾಣಲಿಲ್ಲ, ಒಳ್ಳೆಯ ಅಂಡಾಶಯ ಪಕ್ಕದಲ್ಲಿ ಉಳಿದಿದೆ, ಅದನ್ನ ಉಳಿಸಿ ಗಡ್ಡೆ ಮಾತ್ರ ತೆಗೆಯೋ ಪ್ರಯತ್ನ ಮಾಡಬಹುದು ಅಂತ ಬರೀತೀನಿ. ನೋಡಿದಷ್ಟು."

ನೋಡಿದಷ್ಟನ್ನೇ ಬರೆಯುವವರನ್ನು ನಂಬುವುದು ನನ್ನ ಅಭ್ಯಾಸ. ಹೊರಗೆ ಬಂದು ಪಾಯಖಾನೆಗೆ ಓಡಿದೆ. ಅಷ್ಟು ದೊಡ್ಡ ಸುಖವನ್ನು ನಾನು ಆ ವರ್ಷದಲ್ಲಿ ಕಂಡಿರಲಿಲ್ಲ.

ಯಾದಗಿರಿಯಿಂದ ನೇರ ಬಳಿಚಕ್ರಕ್ಕೆ ಹೋದೆವು, ಅಪ್ಪನಿಗೆ ಹೇಳುವ ಕೆಲಸ ಅವ್ವನದಾಯಿತು. ಅಪ್ಪ ಹುಟ್ಟಿದಾಗಿನಿಂದ ಕುರಿಗಳ ನಡುವೆ ಬದುಕಿದವನು. ಹೆಂಗಸರ ಹೊಟ್ಟೆಯ ವಿಷಯಕ್ಕೆ ಅವನು ಮಾತಿಗೇ ನಿಲ್ಲುವುದಿಲ್ಲ, ಎದ್ದು ದೊಡ್ಡಿಗೆ ಹೋಗಿಬಿಡುತ್ತಾನೆ. ಆದರೆ ಗಡ್ಡೆಯೊಳಗೆ ಕೂದಲು ಇದೆ ಎಂದು ಕೇಳಿದ್ದೇ ತಿರುಗಿ ಬಂದು ಕೂತ.

"ಕೂದಲ ಅಂದಿ? ಹಂಗಾದ್ರ ಅದು ಉಣ್ಣಿ ಉಂಡಿ."

ಹಾಲು ಸಾಲದ ಕುರಿಮರಿ ತಾಯಿಯ ಮೈಯ ಉಣ್ಣೆ ಜಗ್ಗಿ ನುಂಗುತ್ತದೆ. ಅದು ಹೊಟ್ಟೆಯೊಳಗೆ ಉಂಡೆಗಟ್ಟುತ್ತದೆ. ಕುರಿ ಸಾಕುವವರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ನಾನು ಶಾಲೆಗೆ ಹೋಗುವಾಗ ಓದುತ್ತ ಜಡೆಯ ತುದಿಯನ್ನು ಬಾಯಲ್ಲಿ ಹಾಕಿಕೊಂಡು ಕೂಡುತ್ತಿದ್ದೆ. ಅಪ್ಪನ ಪ್ರಕಾರ ರೋಗದ ಮೂಲ ಸಿಕ್ಕಿತು.

"ನಾ ಆವಾಗೇ ಹೇಳಿದ್ದೆ, ಆ ಹುಡುಗಿ ಜಡಿ ತಿನ್ನಾಕತ್ಯಾಳ, ಬಿಡಸು ಅಂತ. ಕೇಳಿದೇನು?" ಎಂದು ಅವ್ವನ ಮೇಲೆ ಎಗರಿದ.

"ನಾ ಏನ್ ಆಕಿ ಬಾಯಾಗ ತುರಕೀನೇನು? ಡಾಕ್ಟರಮ್ಮ ಹೇಳ್ಯಾಳ, ಅದು ತಾನೇ ಬೆಳೀತದಂತ."

"ಆಕಿ ಡಾಕ್ಟರ್ ಖರೇ. ಕುರಿ ಕಾದಾಳೇನು?"

ನಾನು ಪೆನ್ನು ಹಿಡಿದು ಚಿತ್ರ ಬರೆದು ತೋರಿಸಿದೆ. ಇದು ಜಠರ, ಇದು ಅಂಡಾಶಯ, ನುಂಗಿದ ಕೂದಲು ಅಲ್ಲಿಂದ ಇಲ್ಲಿಗೆ ಬರಲು ದಾರಿಯೇ ಇಲ್ಲ. ಅಪ್ಪ ಶ್ರದ್ಧೆಯಿಂದ ಕೇಳಿದ. ಕೊನೆಗೆ, "ದಾರಿ ಇಲ್ಲಂದ್ರ ಹೆಂಗ್ ಬಂತು ಮತ್ತ?" ಎಂದ. ಆಮೇಲೆ ನನ್ನ ಹೆಸರು ಹಿಡಿದು ದನಿ ಇಳಿಸಿ ಹೇಳಿದ, "ಮರಿ ಆದ್ರ ಉಳಿಯಂಗಿಲ್ಲ, ನಿಂಗಿ. ಮನಷ್ಯಾರಿಗಿ ದವಾಖಾನಿ ಅದ. ಫಿಕರ್ ಮಾಡಬ್ಯಾಡ." ಅವನ ಸಿಟ್ಟೆಲ್ಲ ಯಾವ ಹೆದರಿಕೆಯಿಂದ ಬಂದದ್ದು ಎಂದು ಆಗ ತಿಳಿಯಿತು. ಉಂಡೆಗಟ್ಟಿದ ಮರಿಗಳನ್ನು ಅವನು ತನ್ನ ಕೈಯಾರೆ ಹೂತಿದ್ದ.

ಅಪ್ಪ ಊರ ತುಂಬ ಹೇಳಿದ. ಮಗಳು ಸಣ್ಣಾಕಿ ಇದ್ದಾಗ ಜಡಿ ತಿಂದಾಳ, ಉಂಡಿ ಆಗ್ಯಾದ, ತೆಗಸಾಕ ಯಾದಗಿರಿಗಿ ಕರಕೊಂಡು ಹೊಂಟೀವಿ. ಅವ್ವ ಮೂರು ಗಂಟು ಹಾಕಿ ಮುಚ್ಚಿಟ್ಟಿದ್ದ ಗುಟ್ಟನ್ನು ಅವನು ಚಾದಂಗಡಿಯಲ್ಲಿ ಬಿಚ್ಚಿಟ್ಟ. ಊರವರು ನಂಬಿದರು. ಬಸಿರು ಎಂಬ ಪಿಸುಮಾತೂ ಹುಟ್ಟಲಿಲ್ಲ, ಕ್ಯಾನ್ಸರ್ ಎಂಬ ಮಾತೂ ಹುಟ್ಟಲಿಲ್ಲ. ನೋಡಲು ಬಂದ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ನನ್ನ ಮುಂದೆ ನಿಲ್ಲಿಸಿ, "ನೋಡು, ಜಡಿ ಕಡದ್ರ ಹಿಂಗ ಆಗ್ತದ," ಎಂದು ತೋರಿಸಿ ಹೋದರು. ತಪ್ಪು ಸುದ್ದಿ ಪ್ರಕಟವಾದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ನಿಯಮ. ಈ ಒಂದಕ್ಕೆ ನಾನು ಇನ್ನೂ ಹಾಕಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಸರ್ಜನ್ ಸ್ಪಷ್ಟವಾಗಿ ಹೇಳಿದರು: ಉಳಿಸಲು ನೋಡುತ್ತೇವೆ, ಒಳಗೆ ಬೇರೆಯದೇ ಕಂಡರೆ ಅಥವಾ ರಕ್ತ ನಿಲ್ಲದಿದ್ದರೆ ತೆಗೆಯುತ್ತೇವೆ. ಒಪ್ಪಿ ಸಹಿ ಮಾಡಿದೆ. ಅರವಳಿಕೆಯ ಡಾಕ್ಟರು ನೂರರಿಂದ ಹಿಂದಕ್ಕೆ ಎಣಿಸು ಎಂದಾಗ ನನ್ನ ಕಣ್ಣಮುಂದೆ ಇದ್ದದ್ದು ಆ ಕುಡುಗೋಲು.

ಎಚ್ಚರ ಬಂದಾಗ ಬಾಯಿ ಒಣಗಿತ್ತು, ಮಾತು ಬರಲಿಲ್ಲ. ಅವ್ವ ನನ್ನ ಮುಖದ ಮೇಲೆ ಬಗ್ಗಿದಳು. ನಾನು ಕೇಳದೆಯೇ ಹೇಳಿದಳು.

"ಅದ. ಉಳಿಸ್ಯಾರ."

ಅಳಬೇಡ ಎಂದು ನನಗೆ ಹೇಳುತ್ತ ಅವಳೇ ಅತ್ತಳು. ತೆಗೆದ ಗಡ್ಡೆಯನ್ನು ಟ್ರೇಯಲ್ಲಿಟ್ಟು ಅಪ್ಪನಿಗೆ ತೋರಿಸಿದ್ದರಂತೆ. ಅದರೊಳಗೆ ಕರಿಯ ಕೂದಲಿನ ಸುರುಳಿ ಇತ್ತಂತೆ. ಅಪ್ಪ ಮಂಚದ ಕಾಲಕಡೆ ನಿಂತು ಇಡೀ ವಾರ್ಡಿಗೆ ಕೇಳುವಂತೆ, "ನಾ ಹೇಳಿದ್ದಿಲ್ಲೇನು?" ಎಂದ. ಎದುರು ಮಂಚದ ಮುದುಕಿ ಹೌದಪ್ಪ ಹೌದು ಎಂದು ತಲೆಯಾಡಿಸಿದಳು.

ಲ್ಯಾಬಿನ ವರದಿಗೆ ಕಾಯುವ ದಿನಗಳು ಆಪರೇಷನ್ನಿಗಿಂತ ಕಷ್ಟದವು. ಫೋನು ಬಡಿದಾಗಲೆಲ್ಲ ಅವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಬರುತ್ತಿದ್ದಳು. ನಾವು ಆ ವಾರ ತಿಂದದ್ದೆಲ್ಲ ಸೀದ ರೊಟ್ಟಿ. ಕೊನೆಗೆ ವರದಿ ಬಂತು, ಕ್ಯಾನ್ಸರ್ ಇಲ್ಲ. ಅವ್ವ, "ಅದು ನನಗ ಮೊದಲೇ ಗೊತ್ತಿತ್ತು," ಎಂದು ಹೇಳಿ ಆ ದಿನ ನಾಲ್ಕು ರೊಟ್ಟಿ ಉಂಡಳು.

ಆದರೂ ಒಂದು ಸಂಗತಿ ಬಾಕಿ ಇತ್ತು. ಹೊಲಿಗೆ ಬಿಚ್ಚುವಾಗ ಸರ್ಜನ್ ಹೇಳಿದ್ದರು, "ಉಳಿಸಿದ್ದೇವೆ, ಆದರೆ ತುಂಬ ತೆಳ್ಳಗಿತ್ತು. ಅದು ಕೆಲಸ ಮಾಡ್ತದೋ ಇಲ್ಲೋ ನಿಮಗೇ ಮೊದಲು ತಿಳೀತದ. ಮುಟ್ಟು ಬಂದರೆ ನನಗೆ ಫೋನ್ ಮಾಡ್ರಿ."

ಹದಿಮೂರನೇ ವಯಸ್ಸಿನಿಂದ ಪ್ರತಿ ತಿಂಗಳೂ ಬೈದುಕೊಂಡ ಒಂದು ಸಂಗತಿಯನ್ನು ನಾನು ಹಾಗೆ ಕಾದದ್ದು ಅದೇ ಮೊದಲು. ಬಳಿಚಕ್ರದ ಮನೆಯಲ್ಲಿ ಹೊರಗಾದ ಹೆಂಗಸು ಕುರಿದೊಡ್ಡಿಗೆ ಕಾಲಿಡುವಂತಿಲ್ಲ. ಅದು ಅಪ್ಪನ ಮನೆತನದ ಕಟ್ಟು. ಆ ಕಟ್ಟಿಗಾಗಿ ಅಪ್ಪನ ಜೊತೆ ನಾನು ಆಡಿದ ಜಗಳಗಳಿಗೆ ಲೆಕ್ಕವಿಲ್ಲ. ಈಗ ವಿಶ್ರಾಂತಿಗೆ ಅಲ್ಲೇ ಇದ್ದ ನಾನು ದಿನವೂ ಬೆಳಿಗ್ಗೆ ದೊಡ್ಡಿಯೊಳಗೆ ಕೂತು ಮರಿಗಳನ್ನು ನೋಡುತ್ತಿದ್ದೆ, ಯಾರೂ ತಡೆಯುತ್ತಿರಲಿಲ್ಲ. ಆ ಸ್ವಾತಂತ್ರ್ಯ ನನಗೆ ಬೇಕಿರಲಿಲ್ಲ. ಅಪ್ಪ ನನ್ನನ್ನು ಅಲ್ಲಿ ನೋಡಿದಾಗಲೆಲ್ಲ ಏನೋ ಕೇಳಬೇಕೆಂದು ಬಾಯಿ ತೆರೆದು, ಕೇಳದೆ, ಕುರಿಗಳನ್ನು ಎಣಿಸುತ್ತಿದ್ದ. ಒಂದು ತಿಂಗಳು ಖಾಲಿ ಹೋಯಿತು.

ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಅವ್ವನನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಖ ನೋಡಿ ತಿಳಿದುಕೊಂಡಳು. ನನ್ನ ಎರಡೂ ಕೆನ್ನೆಗೆ ಜೋಳದ ಹಿಟ್ಟು ಹತ್ತಿತು. ಆಮೇಲೆ ನಾನು ಬೇಡವೆಂದರೂ ಕೇಳದೆ ಮಣೆ ಹಾಕಿ ಕೂಡಿಸಿ, ಮೊದಲ ಸಲ ಮೈನೆರೆದಾಗ ಮಾಡಿದಂತೆ ಹಣೆಗೆ ಕುಂಕುಮ ಹಚ್ಚಿ, ಒಣಕೊಬ್ಬರಿ ಬೆಲ್ಲ ಬಾಯಿಗಿಟ್ಟಳು. ನೆರೆಮನೆಯಾಕೆ ಗೋಡೆಯ ಆಚೆಯಿಂದ, "ಏನ್ ಕಾರ್ಯ ಅದ ನಿಮ್ಮ ಮನ್ಯಾಗ?" ಎಂದಳು.

"ನನ್ನ ಮಗಳು ಹೊರಗಾಗ್ಯಾಳ," ಎಂದು ಅವ್ವ ಓಣಿಗೆ ಕೇಳುವಂತೆ ಹೇಳಿದಳು. ಯಾರ ಮುಂದೂ ಅನ್ನಬೇಡ ಎಂದವಳು ಅವಳೇ.

ನಾನು ಸರ್ಜನ್‌ಗೆ ಫೋನು ಮಾಡಿದೆ. ಮುಂದೆ ಯಾದಗಿರಿಯ ಅದೇ ಬೆಂಚಿನಲ್ಲಿ ನೀರು ಕುಡಿದು ಕೂತು, ಅದೇ ಪರದೆಯಲ್ಲಿ ದಪ್ಪಗಾದ ಕುಡುಗೋಲನ್ನೂ ನೋಡಿ ಬಂದೆ. ನನ್ನಂತೆ ಬಾಟಲಿ ಹಿಡಿದು ಬಸಿರಿಯರ ನಡುವೆ ಕೂತಿರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಒಳಗೆ ಏನು ಬೆಳೆದಿದೆ ಎಂದು ಕೇಳುವಾಗ ಏನು ಉಳಿದಿದೆ ಎಂದೂ ಕೇಳಿ. ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ.

ನಾನು ಹೊರಗಾದ ಆ ಬೆಳಿಗ್ಗೆ ಅಪ್ಪ ದೊಡ್ಡಿಯಲ್ಲಿದ್ದ. ಅವ್ವನ ಕೂಗು ಅವನಿಗೂ ಕೇಳಿತ್ತು. ನಾನು ದೊಡ್ಡಿಯ ಬಾಗಿಲ ತನಕ ಹೋಗಿ ಹೊರಗಿನ ಕಲ್ಲಿನ ಮೇಲೆ ಕೂತೆ. ಅಪ್ಪ ನನ್ನ ಕಡೆ ನೋಡದೆ, ಗಂಟಲು ಸರಿ ಮಾಡಿಕೊಂಡು, "ಒಳಗ ಬರಬ್ಯಾಡ ನೋಡು," ಎಂದ. ಆ ಮಾತನ್ನು ಅವನು ಅಷ್ಟು ಖುಷಿಯಿಂದ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಬರಂಗಿಲ್ಲ," ಎಂದೆ.

"ನಾನೇ ತರ್ತೀನಿ." ಹಿಂದಿನ ದಿನ ಹುಟ್ಟಿದ ಮರಿಯನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಬಿಟ್ಟ. ಕರಿ ಮರಿ, ಕಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅದು ನನ್ನ ಎದೆ, ಕೊರಳು ಮೂಸಿ, ಹೆಗಲ ಮೇಲಿಂದ ಇಳಿಬಿದ್ದ ಜಡೆಯ ತುದಿ ಹುಡುಕಿ ಬಾಯಿಗೆ ಹಾಕಿಕೊಂಡಿತು.

ಅಪ್ಪ ಒಂದೇ ನೆಗೆತಕ್ಕೆ ಬಂದು ಮರಿಯ ದವಡೆ ಹಿಡಿದು ಜಡೆ ಬಿಡಿಸಿದ. ಒಂದು ಕೂದಲೂ ಒಳಗೆ ಹೋಗಿಲ್ಲ ಎಂದು ಬಾಯೊಳಗೆ ಬೆರಳಿಟ್ಟು ನೋಡಿದ. ಆಮೇಲೆ ಜಡೆಯನ್ನು ತನ್ನ ಕೈಯಿಂದಲೇ ನನ್ನ ಬೆನ್ನ ಹಿಂದಕ್ಕೆ ಹಾಕಿದ.

"ನೀ ಉಳಿದಿ," ಎಂದ. "ಈ ಮರಿಗಿ ಯಾದಗಿರಿ ಇಲ್ಲ."